ಉಳಿದ ಹೊತ್ತು ಯಾರದು?

ಸುಲ್ತಾನ್‌ಪೇಟೆಯ ಒಂದು ಗಲ್ಲಿಯಲ್ಲಿ ನನ್ನ ಸೋದರಮಾವನ ಲೇತ್ ಅಂಗಡಿ ಇದೆ. ಅಂಗಡಿ ಅಂದರೆ ಹತ್ತಡಿ ಅಗಲದ ಜಾಗ. ಅದರೊಳಗೆ ಒಂದು ಹಳೇ ಕಿರ್ಲೋಸ್ಕರ್ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮಾವ, ಮತ್ತೆ ಕೆಲಸ ಕಲಿಯೋಕೆ ಬಂದ ಒಬ್ಬ ಹುಡುಗ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದದ್ದು ಹರಿಹರದಲ್ಲಿ. ನಮ್ಮೂರು ಅಲ್ಲಿಂದ ಬಸ್ಸಿಗೆ ಅರ್ಧ ಗಂಟೆ. ಹಾಗಾಗಿ ಭತ್ತ, ಮೆಕ್ಕೆಜೋಳದ ಥರ ಲೇತೂ ನಮ್ಮ ಕಡೆಯ ಒಂದು ಬೆಳೆಯೇ. ಸುಲ್ತಾನ್‌ಪೇಟೆ ತುಂಬ ಲಗ್ನಪತ್ರಿಕೆ ಅಂಗಡಿಗಳು, ಪ್ರೆಸ್ಸುಗಳು. ಪ್ರೆಸ್ಸಿನ ಬುಷ್ ಸವೆದರೆ, ರೋಲರಿನ ಶಾಫ್ಟ್ ತುದಿ ತಿಂದುಹೋದರೆ ಮಾವನ ಹತ್ತಿರ ಬರುತ್ತಾರೆ.

ಎರಡು ವರ್ಷದ ಹಿಂದೆ ನಾನು ಮಾವನಿಗೆ ಒಂದು ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ಕೊಡಿಸಿದೆ. ಇದು ಏನು ಅಂತ ಸ್ವಲ್ಪ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಲೇತಿನಲ್ಲಿ ಟೂಲಿನ ಮೂತಿ, ತಿರುಗುವ ಜಾಬಿನ ನಡುಮಟ್ಟಕ್ಕೆ ಸರಿಯಾಗಿ ಕೂರಬೇಕು. ಮೇಲಿದ್ದರೆ ಕಡಿಯೋ ಬದಲು ಉಜ್ಜುತ್ತೆ. ಕೆಳಗಿದ್ದರೆ ಮುಖ ಹೊಡೆದಾಗ ನಟ್ಟನಡುವೆ ಒಂದು ಮೊಳಕೆ ಉಳಿದುಬಿಡುತ್ತೆ. ಹಳೇ ನಾಲ್ಕು ಮುಖದ ಪೋಸ್ಟಿನಲ್ಲಿ ಈ ಮಟ್ಟ ಹೊಂದಿಸೋಕೆ ಟೂಲಿನ ಕೆಳಗೆ ತಗಡಿನ ಚೂರು, ಮುರಿದ ಹ್ಯಾಕ್ಸಾ ಬ್ಲೇಡು ಇಡಬೇಕು. ಅದಕ್ಕೆ ಪ್ಯಾಕಿಂಗ್ ಅಂತಾರೆ. ಟೂಲ್ ಸಾಣೆ ಹಿಡಿದಾಗಲೆಲ್ಲ ಮತ್ತೆ ಪ್ಯಾಕಿಂಗ್. ಹೊಸದರಲ್ಲಿ ಪ್ರತಿ ಟೂಲಿಗೂ ಅದರದೇ ಹೋಲ್ಡರ್, ಹೋಲ್ಡರಿಗೊಂದು ಎತ್ತರದ ನಟ್. ಒಮ್ಮೆ ಹೊಂದಿಸಿ ಲಾಕ್ ಮಾಡಿದರೆ ಮುಗೀತು. ಹಿಡಿ ತಿರುಗಿಸಿ ತೆಗಿ, ಇನ್ನೊಂದು ಜಾರಿಸು, ಹಿಡಿ ಬಿಗಿ ಮಾಡು.

ಕೊಳ್ಳುವಾಗ ಎಸ್.ಜೆ.ಪಿ. ರಸ್ತೆಯಲ್ಲಿ ಮಾವ ನನಗಿಂತ ಹುಷಾರಾಗಿದ್ದ. ನಾನು ದೊಡ್ಡದೇ ಗಟ್ಟಿ ಅಂದುಕೊಂಡು ದೊಡ್ಡ ಸೈಜಿಗೆ ಕೈ ಹಾಕಿದ್ದೆ. ಮಾವ ಸ್ಲೈಡಿನ ಮೇಲ್ಮೈಯಿಂದ ಸೆಂಟರಿನವರೆಗಿನ ಅಳತೆಯನ್ನ ಬೀಡಿಕಟ್ಟಿನ ಮೇಲೆ ಬರಕೊಂಡು ಬಂದಿದ್ದ; ಪೋಸ್ಟ್ ದೊಡ್ಡದಾದರೆ ಟೂಲು ಸೆಂಟರಿಗೆ ಇಳಿಯೋದೇ ಇಲ್ಲವಂತೆ. ಪಿಸ್ಟನ್ ಥರದ್ದು ಅಗ್ಗ, ಅದು ಹೋಲ್ಡರನ್ನ ಹೊರಕ್ಕೆ ತಳ್ಳಿ ಬಿಗಿ ಮಾಡುತ್ತೆ. ವೆಡ್ಜ್ ಥರದ್ದು ಒಳಕ್ಕೆ ಎಳಕೊಂಡು ಕೂರಿಸುತ್ತೆ, ತೆಗೆದು ಹಾಕಿದರೂ ಅದೇ ಜಾಗಕ್ಕೆ ಬರುತ್ತೆ. ನಾವು ವೆಡ್ಜ್ ತಗೊಂಡೆವು. ದುಡ್ಡು ನನ್ನದು, ಬೋನಸ್ ಬಂದಿತ್ತು.

ಒಂದು ಗನ್‌ಮೆಟಲ್ ಬುಷ್ ಮಾಡೋಕೆ ಮುಖ ಹೊಡೀಬೇಕು, ಹೊರಮೈ ತಿರುವಬೇಕು, ಒಳಗೆ ಬೋರ್ ಮಾಡಬೇಕು, ಕೊನೆಗೆ ಕತ್ತರಿಸಬೇಕು. ನಾಲ್ಕು ಟೂಲು. ಒಂದು ಗಂಟೆಯ ಕೆಲಸ ಈಗ ನಲವತ್ತು ನಿಮಿಷಕ್ಕೆ ಆಗುತ್ತೆ. ನನಗೆ ಹೆಮ್ಮೆ.

ಹೋದ ವೈಶಾಖದಲ್ಲಿ, ಮದುವೆ ಸೀಸನ್ನಿನ ಒಂದು ಶನಿವಾರ ಅಂಗಡಿಗೆ ಹೋಗಿದ್ದೆ. ಪ್ರೆಸ್ಸಿನವರೊಬ್ಬರು ಬುಷ್ ಕೊಟ್ಟು ಎದುರಿನ ಟೀ ಅಂಗಡಿ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳ್ತಾ ಇದ್ದರು. "ಸಾಯಂಕಾಲದೊಳಗೆ ಕಾರ್ಡ್ ಕೊಡ್ತೀನಿ ಸಾರ್, ಮಷೀನ್ ನಿಂತೋಗಿದೆ." ಮಾವ ಅವರಿಗೆ ನಾಲ್ಕು ಗಂಟೆ ಅಂದಿದ್ದ. ಆಗ ಹನ್ನೆರಡೂವರೆ. ಬುಷ್ ಆಗಲೇ ರೆಡಿಯಾಗಿ, ಎಣ್ಣೆ ಹಚ್ಚಿ, ಬಟ್ಟೆ ಮುಚ್ಚಿ ಶೆಲ್ಫಿನಲ್ಲಿತ್ತು.

ಕೇಳಿದ್ದಕ್ಕೆ ಮಾವ ದನಿ ತಗ್ಗಿಸಿ ಹೇಳಿದ: "ನೋಡಳಿಯ, ಲಗೂನ ಕೊಟ್ರ ರೇಟು ಇಳಸ್ತಾರ. ಇಷ್ಟೇ ಹೊತ್ತಿನ ಕೆಲ್ಸಕ್ಕೆ ಇಷ್ಟು ರೊಕ್ಕಾನಾ ಅಂತಾರ."

ಇಂಗ್ಲೆಂಡಿನ ಜಾನ್ ಸ್ಟೂವರ್ಟ್ ಮಿಲ್ 1848ರ ತನ್ನ ಅರ್ಥಶಾಸ್ತ್ರದ ಪುಸ್ತಕದಲ್ಲಿ, ಇಲ್ಲಿವರೆಗಿನ ಯಂತ್ರಗಳು ಯಾವ ಮನುಷ್ಯನ ದಿನದ ದುಡಿಮೆಯನ್ನಾದರೂ ಹಗುರ ಮಾಡಿವೆಯೇ ಅನ್ನೋದೇ ಅನುಮಾನ ಅಂದಿದ್ದ. ಮಾವ ಮಿಲ್ಲನ್ನ ಓದಿಲ್ಲ. ಆದರೆ ಉಳಿದ ಇಪ್ಪತ್ತು ನಿಮಿಷ ತನ್ನ ಕೈಯಲ್ಲಿ ನಿಲ್ಲಲ್ಲ, ಗಿರಾಕಿ ಜೇಬಿಗೆ ಹೋಗುತ್ತೆ ಅಂತ ಅವನಿಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು.

ನಾನು ಬುದ್ಧಿ ಹೇಳೋಕೆ ಬಾಯಿ ತೆಗೆದೆ. "ನೀ ಆಫೀಸ್ನಾಗ ಹೇಳ್ತೀಯೇನು?" ಅಂದ.

ಇಲ್ಲ, ಹೇಳಲ್ಲ. ಮೂರು ದಿನ ಬೇಕು ಅಂತ ಹೇಳಿದ ರಿಪೋರ್ಟ್ ಕೆಲಸವನ್ನ ನನ್ನ ಸ್ಕ್ರಿಪ್ಟ್ ಎರಡು ಗಂಟೆಯಲ್ಲಿ ಮುಗಿಸುತ್ತೆ. ಮುಂಚೆ ಒಂದು ಕಂಪನಿಯಲ್ಲಿ ಹೀಗೇ ಒಂದನ್ನ ಬರೆದು, ಜಂಭದಿಂದ ಎಲ್ಲರೆದುರು ತೋರಿಸಿದ್ದೆ. ಆ ಕೆಲಸ ಮಾಡ್ತಿದ್ದ ಮೂವರು ಕಾಂಟ್ರಾಕ್ಟ್ ಹುಡುಗರನ್ನ ಮುಂದಿನ ತಿಂಗಳು ಕಳಿಸಿದರು. ನನಗೆ ಒಂದು ಸರ್ಟಿಫಿಕೇಟು. ಆಮೇಲಿಂದ ಬಾಯಿ ಮುಚ್ಚಿಕೊಂಡಿರೋದನ್ನ ನಾನು ನೀತಿ ಅಂತಲೇ ನಂಬಿಕೊಂಡಿದ್ದೆ.

ಈಗಲೂ ಅರ್ಧ ನಂಬುತ್ತೇನೆ. ಮಾವ ಮಾರೋದು ಬುಷ್ಷನ್ನ, ನಿಮಿಷಗಳನ್ನಲ್ಲ. ಎಷ್ಟು ಹೊತ್ತು ಹಿಡೀತು ಅಂತ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಯಾರೂ ಕಾಯದೇ ಇದ್ದಾಗ ಆ ಮೌನದಿಂದ ಯಾರಿಗೂ ನಷ್ಟವಿಲ್ಲ. ಆದರೆ ಎದುರಿಗೊಬ್ಬ ಕಾಯ್ತಾ ನಿಂತಾಗ ಮೌನ ಮೌನವಾಗಿ ಉಳಿಯಲ್ಲ. ಬಟ್ಟೆ ಮುಚ್ಚಿದ ಆ ಬುಷ್, ಮಾವ ಉಳಿಸಿಕೊಂಡ ಇಪ್ಪತ್ತು ನಿಮಿಷ ಆಗಿರಲಿಲ್ಲ. ಆ ಮನುಷ್ಯನಿಂದ ಕಸಿದ ಮೂರೂವರೆ ಗಂಟೆ ಆಗಿತ್ತು. ಜೊತೆಗೆ ಹುಡುಗ ನೋಡ್ತಾ ಇದ್ದ. ಸ್ಟೀಲ್ ಸ್ಕೇಲನ್ನ ಟೂಲಿಗೂ ಜಾಬಿಗೂ ನಡುವೆ ಕಚ್ಚಿಸಿ, ನೆಟ್ಟಗೆ ನಿಂತರೆ ಸೆಂಟರು, ತಲೆ ನಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ ಅಂತ ಅವನಿಗೆ ಕಲಿಸಿದವನು ಮಾವನೇ. ಇದನ್ನೂ ಅವನು ಮಾವನಿಂದಲೇ ಕಲೀತಾ ಇದ್ದ.

ಇಷ್ಟೆಲ್ಲ ನಾನು ಹೇಳಲಿಲ್ಲ. "ಪಾಪ ಮಾವ, ಯಾರದೋ ಮನೆ ಮದುವೆ" ಅಂದೆ ಅಷ್ಟೇ. ಮಾವ ಸ್ವಲ್ಪ ಹೊತ್ತು ಹತ್ತಿ ವೇಸ್ಟಿನಲ್ಲಿ ಕೈ ಒರೆಸಿಕೊಂಡ. ಆಮೇಲೆ ಹುಡುಗನ ಕಡೆ ತಿರುಗಿ, "ಕೊಟ್ಟು ಬಾರಲೇ" ಅಂದ.

ಹುಡುಗ ರಸ್ತೆ ದಾಟಿದ. ಪ್ರೆಸ್ಸಿನವರು ಬುಷ್ಷನ್ನ ಬೆಳಕಿಗೆ ಹಿಡಿದು ನೋಡಿ, ನಗುನಗುತ್ತಾ ಅಂಗಡಿಗೇ ಬಂದರು.

"ಏನ್ ಸಾರ್, ಇಷ್ಟು ಬೇಗ ಆಗೋಯ್ತಾ! ಹಾಗಾದ್ರೆ ನೂರು ರೂಪಾಯಿ ಕಮ್ಮಿ ಮಾಡ್ಕೊಳಿ."

ಮಾವ ಅವರನ್ನ ನೋಡಲಿಲ್ಲ, ನನ್ನನ್ನ ನೋಡಿದ.