ಪಾಳು ಗುಡಿಯ ದೇವರು ಯಾರ ಸೊತ್ತು?

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ಹುಂಡಿಗೆ ಕಾಸು ಹಾಕುತ್ತಾರೆಯೇ ಹೊರತು ಅದರಿಂದ ಒಂದು ಪೈಸೆ ತೆಗೆಯಬೇಕು ಅಂತ ಕನಸಿನಲ್ಲೂ ಎಣಿಸುವುದಿಲ್ಲ. "ದೇವರ ಸೊತ್ತು ತಿಂದರೆ ದಕ್ಕೀತಾ?" ಎಂಬ ಹಿರಿಯರ ಮಾತು ಎಲ್ಲರಿಗೂ ನೆನಪಿರುತ್ತದೆ. ಆದರೆ ಊರಾಚೆಯ ಹೊಲದ ಬದುವಿನಲ್ಲಿ ಗಿಡಗಂಟಿ ಬೆಳೆದ ಒಂದು ಪಾಳು ಗುಡಿ ಇದೆ ಅನ್ನಿ. ಅಲ್ಲಿ ದೀಪವಿಲ್ಲ, ನೈವೇದ್ಯವಿಲ್ಲ, ಪೂಜಾರಿ ಮೊದಲೇ ಇಲ್ಲ. ಅಲ್ಲಿಯ ವಿಗ್ರಹವನ್ನು ಯಾರಾದರೂ ಹೊತ್ತೊಯ್ದರೆ ಅದು ಕಳ್ಳತನ ಅಂತ ಬಹಳ ಜನಕ್ಕೆ ಅನ್ನಿಸುವುದೇ ಇಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬ ನ್ಯಾಯ! ಹಾಗಾದರೆ ಪೂಜೆ ನಿಂತ ದಿನವೇ ದೇವರು ಗುಡಿ ಬಿಟ್ಟು ಹೋದನೇ? ಹೋಗಿಲ್ಲವಾದರೆ ಅವನ ಪರವಾಗಿ ಕೇಳುವವರು ಯಾರು?

ಈ ಪ್ರಶ್ನೆ ಒಮ್ಮೆ ಸಮುದ್ರ ದಾಟಿ ಲಂಡನ್ನಿನ ನ್ಯಾಯಾಲಯದವರೆಗೂ ಹೋಯಿತು. ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ಪತ್ತೂರು ಎಂಬ ಸಣ್ಣ ಊರು. ಚೋಳರ ಕಾಲದಲ್ಲಿ, 12ನೇ ಶತಮಾನದಲ್ಲಿ ಕಟ್ಟಿದ ವಿಶ್ವನಾಥಸ್ವಾಮಿ ದೇವಾಲಯ ಅಲ್ಲಿ ಪಾಳು ಬಿದ್ದಿತ್ತು. 1976ರಲ್ಲಿ ಒಬ್ಬ ಕೂಲಿಯಾಳು ತನ್ನ ಗುಡಿಸಲ ಹತ್ತಿರ ಅಗೆಯುತ್ತಿದ್ದಾಗ ಲೋಹಕ್ಕೆ ತಾಗಿದ ಸದ್ದಾಯಿತು. ಹಿಂದಿನವರು ಯಾವುದೋ ಭಯಕ್ಕೆ ಮಣ್ಣಿನಲ್ಲಿ ಹುಗಿದಿಟ್ಟ ಕಂಚಿನ ವಿಗ್ರಹಗಳು ಅವು. ಅವುಗಳಲ್ಲಿ ಒಬ್ಬ ನಟರಾಜ. ಬಡವನ ಕೈಗೆ ಬಂದದ್ದು ಪುಡಿಗಾಸು. ವಿಗ್ರಹ ಮಾತ್ರ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಒಂದು ಕಂಪನಿ ಸುಮಾರು 2,50,000 ಪೌಂಡ್ ಕೊಟ್ಟು ಅದನ್ನು ಕೊಂಡಿತು. ದುರಸ್ತಿಗೆಂದು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟಿದ್ದಾಗ ಪೊಲೀಸರು ವಶಪಡಿಸಿಕೊಂಡರು.

ಕಂಪನಿಯವರು ದಾವೆ ಹೂಡಿದರು. ಭಾರತದ ಕಡೆಯಿಂದ ಸರ್ಕಾರಗಳ ಜೊತೆಗೆ ಹಕ್ಕು ಸಾಧಿಸಲು ನಿಂತವರು ಯಾರು ಗೊತ್ತೇ? ಆ ಪಾಳು ದೇವಾಲಯವೇ, ಅಲ್ಲಿಯ ಶಿವಲಿಂಗವೇ! ನಮ್ಮ ದೇಶದ ಕಾನೂನಿನಲ್ಲಿ ದೇವರಿಗೂ ಸೊತ್ತು ಹೊಂದುವ ಹಕ್ಕುಂಟು, ನ್ಯಾಯಾಲಯಕ್ಕೆ ಹೋಗುವ ಹಕ್ಕುಂಟು. ದೇವರಿಗೆ ಬಾಯಿಲ್ಲದ್ದರಿಂದ ಅವನ ಪರವಾಗಿ ಒಬ್ಬ ಮನುಷ್ಯ ನಿಂತು ಮಾತಾಡಬೇಕು, ಅಷ್ಟೆ.

ಈ ನಟರಾಜ ಪತ್ತೂರಿನವನೇ ಅಂತ ಹೇಳುವುದು ಹೇಗೆ? ಅದೇ ಊರಲ್ಲಿ ಸಿಕ್ಕ ಬೇರೆ ವಿಗ್ರಹಗಳ ಪಕ್ಕದಲ್ಲಿಟ್ಟು ತಜ್ಞರು ಪರೀಕ್ಷೆ ಮಾಡಿದರು. ಶಿಲ್ಪದ ರೀತಿ, ಲೋಹ, ಮೈಗಂಟಿದ ಮಣ್ಣು, ಕಡೆಗೆ ಗೆದ್ದಲು ಹರಿದ ಗುರುತನ್ನೂ ಬಿಡಲಿಲ್ಲ. ಮನುಷ್ಯರು ಸುಳ್ಳು ಕಾಗದ ಬರೆದುಕೊಂಡಿದ್ದರು, ಮಣ್ಣು ಮತ್ತು ಗೆದ್ದಲು ನಿಜ ಹೇಳಿದವು. 1988ರಲ್ಲಿ ತೀರ್ಪು ಬಂತು. ಗುಡಿ ಕಟ್ಟಿಸಿದವನ ಧರ್ಮಸಂಕಲ್ಪ ಗೋಡೆ ಬಿದ್ದ ಮಾತ್ರಕ್ಕೆ ಸಾಯುವುದಿಲ್ಲ, ಅಲ್ಲಿ ಉಳಿದ ಒಂದು ಶಿವಲಿಂಗದಲ್ಲಿ ಅದು ಜೀವಂತವಾಗಿಯೇ ಇದೆ ಎಂಬುದು ಅದರ ತಿರುಳು. ಮೇಲ್ಮನವಿಯಲ್ಲೂ ದೇವಾಲಯದ ಹಕ್ಕೇ ಗೆದ್ದಿತು. 1991ರಲ್ಲಿ ನಟರಾಜ ತಾಯ್ನಾಡಿಗೆ ಮರಳಿದ.

ಇಲ್ಲಿ ಪಾಪ ಯಾರದು? ಹಸಿದ ಕೂಲಿಯವನದೋ, ಸುಳ್ಳು ದಾಖಲೆ ಕಟ್ಟಿದ ವ್ಯಾಪಾರಿಯದೋ, ಎಲ್ಲಿಂದ ಬಂತು ಅಂತ ಕೆದಕದೆ ಕೊಂಡ ಧನಿಕನದೋ? ಎಲ್ಲರದೂ ಹೌದು, ಆದರೆ ಸಮಪಾಲಲ್ಲ. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಲ್ಲ. ಮನೆಯ ಷೋಕೇಸಿಗೆ ಹಳೆಯ ವಿಗ್ರಹ ಬೇಕು ಅನ್ನುವ ಆಸೆಯೇ ಹಾರೆ ಗುದ್ದಲಿಗಳಿಗೆ ಕೂಲಿ ಕೊಡುತ್ತದೆ.

ಕಾನೂನು ಸುಮ್ಮನೆ ಕೂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ 1878ರಲ್ಲೇ ಬಂದಿದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಆದರೂ ನಮ್ಮ ಕನ್ನಡನಾಡಿನಲ್ಲೇ ನಿಧಿಯಾಸೆಗೆ ಲಿಂಗದ ಬುಡ ಅಗೆದ, ನಂದಿಯನ್ನು ಉರುಳಿಸಿದ ಸುದ್ದಿ ನಿಂತಿಲ್ಲ. 2019ರಲ್ಲಿ ಹಂಪಿಯ ಕಂಬಗಳನ್ನು ತಮಾಷೆಗೆ ಕೆಡವಿದ ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು. ಅಷ್ಟಕ್ಕೇ ಬಿಡದೆ, ಬಿದ್ದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸುವ ಹಾಗೆ ಮಾಡಿತು. ಇದು ಬರೀ ಶಿಕ್ಷೆಯಲ್ಲ, ಪ್ರಾಯಶ್ಚಿತ್ತ.

ನಮ್ಮ ಪೂರ್ವಜರು ಇದನ್ನೆಲ್ಲ ಮೊದಲೇ ಯೋಚಿಸಿದ್ದರು. ಹಳೆಯ ದಾನಶಾಸನಗಳ ಕೊನೆಯ ಸಾಲುಗಳಲ್ಲಿ ಶಾಪ ಕೊರೆಸಿದ್ದಾರೆ. ಈ ಧರ್ಮವನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಅಂತ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಾರೆ. ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದೇ ದೊಡ್ಡ ಪುಣ್ಯ. ಕೊಡುವುದು ಒಂದು ದಿನದ ಕೆಲಸ, ಕಾಯುವುದು ಬದುಕಿಡೀ ಮಾಡುವ ಕೆಲಸ.

ಪತ್ತೂರಿನ ಕಥೆಯ ಕೊನೆ ಅಷ್ಟು ಸಿಹಿಯಲ್ಲ. ಗೆದ್ದು ಬಂದ ನಟರಾಜನನ್ನು ಮತ್ತೆ ಕಳ್ಳರು ಒಯ್ದಾರು ಎಂಬ ಭಯಕ್ಕೆ ತಿರುವಾರೂರಿನ ವಿಗ್ರಹ ಭದ್ರತಾ ಕೇಂದ್ರದಲ್ಲಿ ಬೀಗದೊಳಗೆ ಇಡಬೇಕಾಯಿತು. ಪರದೇಶದ ನ್ಯಾಯಾಧೀಶರು ದೇವರ ಹಕ್ಕನ್ನು ಒಪ್ಪಿದರು. ಅವನನ್ನು ನಿಶ್ಚಿಂತೆಯಿಂದ ಅವನ ಊರಲ್ಲಿ ಕೂರಿಸುವ ಧೈರ್ಯ ಮಾತ್ರ ನಮಗೆ ಬರಲಿಲ್ಲ. ಕಾನೂನು ದೇವರನ್ನು ವಾಪಸು ತರಬಲ್ಲದು, ಅವನ ಬಾಗಿಲ ಬೀಗ ತೆಗೆಯುವುದು ಜನರ ಸನ್ನಡತೆಯೊಂದೇ.

ಆದ್ದರಿಂದ ಭಕ್ತರೇ, ಬೆಟ್ಟ ಇಳಿಯುವಾಗ ದಾರಿ ಬದಿಯ ಮುರಿದ ಮಂಟಪ, ಮುಕ್ಕಾದ ನಂದಿ, ಓದಲು ಬಾರದ ಶಾಸನ ಕಂಡರೆ ಒಂದು ಗಳಿಗೆ ನಿಲ್ಲಿ. ಕಲ್ಲಿನ ಮೇಲೆ ಹೆಸರು ಗೀಚಬೇಡಿ, ನೆನಪಿಗೆ ಅಂತ ಚೂರು ಎತ್ತಿಕೊಳ್ಳಬೇಡಿ. ನಿಮ್ಮೂರಲ್ಲಿ ಪಾಯ ತೆಗೆಯುವಾಗ ವಿಗ್ರಹ ಸಿಕ್ಕರೆ ತಹಸೀಲ್ದಾರರಿಗೆ ತಿಳಿಸಿ. ರಾತ್ರಿ ಹೊತ್ತು ಪಾಳು ಗುಡಿಯಲ್ಲಿ ಗುದ್ದಲಿ ಸದ್ದು ಕೇಳಿದರೆ, ನಮಗ್ಯಾಕೆ ಅಂತ ಮುಸುಕೆಳೆದು ಮಲಗಬೇಡಿ. ಅಲ್ಲಿಯ ದೇವರಿಗೆ ಬಾಯಿಲ್ಲ. ಅವನ ಪರವಾಗಿ ಮಾತಾಡಬೇಕಾದವರು ನೀವೇ. ಅದೂ ಒಂದು ಪೂಜೆಯೇ.