ಮೃತನಾದವನ ಹಾಸ್ಯವನ್ನು ನೆನಸಿ ನಗುವದು ಯುಕ್ತವೋ?

ಮನೆಯವರನ್ನೆಲ್ಲಾ ನಗಿಸುತ್ತಿದ್ದ ಯಜಮಾನನು ಕರ್ತನಲ್ಲಿ ನಿದ್ರೆಹೋದ ಮೇಲೆ ಆ ಮನೆಯಲ್ಲಿ ಒಂದು ವಿಧವಾದ ಸಂಕೋಚವು ಹುಟ್ಟುವದುಂಟು. ಆತನ ಹಾಸ್ಯದ ಮಾತೊಂದು ನೆನಪಿಗೆ ಬರುವದು, ತುಟಿಯ ಮೇಲೆ ನಗೆಯು ಮೂಡುವದು. ಆದರೆ ಸಮಾಧಿಯ ಮಣ್ಣು ಇನ್ನೂ ಆರದಿರುವಾಗ ನಾವು ನಗಬಹುದೋ ಎಂದು ನಾಚಿ, ಕೂಡಲೆ ಅದನ್ನು ಅಡಗಿಸಿಕೊಳ್ಳುವರು. ಇವರು ತಿಥಿಯನ್ನೂ ಮಾಡುವದಿಲ್ಲ, ಎಡೆಯನ್ನೂ ಇಡುವದಿಲ್ಲ, ಸತ್ತವನಿಗಾಗಿ ನೆಟ್ಟಗೆ ಅಳುವದೂ ಇಲ್ಲವೆಂದು ನೆರೆಯವರು ಆಡಿಕೊಂಡಾರೆಂಬ ಭಯವೂ ಇದರೊಂದಿಗೆ ಸೇರುವದು. ಆದಕಾರಣ, ಪ್ರಿಯ ವಾಚಕರೇ, ಇಂಥ ನಗೆಯು ಮೃತನಿಗೆ ಅವಮಾನವೋ, ದೇವರಿಗೆ ಸ್ತೋತ್ರವೋ ಎಂಬದನ್ನು ನಾವು ಕೂಡಿ ಆಲೋಚಿಸುವ.

ಸುವಾರ್ತಾ ಸಭೆಗಳವರೆಲ್ಲರೂ ಬಲ್ಲ ಮಾರ್ಟಿನ್ ಲೂಥರನನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳುತ್ತೇವೆ. ಪೋಪನನ್ನು ಎದುರಿಸಿದ ವೀರನೆಂದು ಆತನನ್ನು ಅನೇಕರು ತಿಳಿದಿರುತ್ತಾರೆ. ಮನೆಯೊಳಗಿನ ಲೂಥರನನ್ನು ತಿಳಿದವರು ಕೊಂಚವೇ. ಆತನು 1525ರಲ್ಲಿ ಕತರೀನಳನ್ನು ಮದುವೆಯಾದನು. ಅವರಿಗೆ ಆರು ಮಕ್ಕಳು ಹುಟ್ಟಿದರು. ವಿಟ್ಟೆನ್‌ಬರ್ಗಿನಲ್ಲಿ ಮುಂಚೆ ಸನ್ಯಾಸಿಗಳ ಮಠವಾಗಿದ್ದ ಅವರ ಮನೆಯು ಮಕ್ಕಳಿಂದಲೂ ಬಂಧುಗಳಿಂದಲೂ ವಿದ್ಯಾರ್ಥಿಗಳಿಂದಲೂ ತುಂಬಿರುತ್ತಿತ್ತು. ಲೂಥರನು ಲ್ಯೂಟ್ ಎಂಬ ತಂತಿವಾದ್ಯವನ್ನು ನುಡಿಸುತ್ತಾ ಹಾಡುವನು. ಮನೆವಾರ್ತೆಯನ್ನೆಲ್ಲಾ ನಡಿಸುತ್ತಿದ್ದ ಹೆಂಡತಿಯನ್ನು ತನ್ನ ದೊರೆಯೆಂದು ಪರಿಹಾಸ್ಯದಿಂದ ಕರೆಯುವನು. 1530ರಲ್ಲಿ ದೂರದ ಕೋಬುರ್ಗಿನ ಕೋಟೆಯಲ್ಲಿದ್ದಾಗ ನಾಲ್ಕು ವರುಷದ ಮಗನಿಗೆ ಕಾಗದ ಬರೆದು, ಒಳ್ಳೇ ಮಕ್ಕಳು ಹಣ್ಣುಗಳನ್ನು ತಿನ್ನುತ್ತಾ ಪುಟ್ಟ ಕುದುರೆಗಳನ್ನೇರಿ ಆಡುವಂಥ ಚಂದವಾದ ತೋಟವೊಂದನ್ನು ವರ್ಣಿಸಿದನು. ಆತನು ಊಟದ ಮೇಜಿನ ಬಳಿಯಲ್ಲಿ ಆಡಿದ ಬೋಧನೆಯ ಮಾತುಗಳನ್ನೂ ವಿನೋದದ ಮಾತುಗಳನ್ನೂ ಜೊತೆಯಲ್ಲಿದ್ದವರು ಬರೆದಿಟ್ಟುಕೊಂಡರು. ಆತನು ಸತ್ತು 20 ವರುಷಗಳಾದ ಬಳಿಕ, 1566ರಲ್ಲಿ, ಅವು ಗ್ರಂಥವಾಗಿ ಅಚ್ಚಾದವು.

ಇಷ್ಟು ನಗುತ್ತಿದ್ದವನು ದುಃಖವನ್ನರಿಯದವನೋ? ಹಾಗಲ್ಲ. 1542ರಲ್ಲಿ 13 ವರುಷದ ಮಗಳು ಮಗ್ದಲೇನಳು ಆತನ ತೋಳುಗಳಲ್ಲಿಯೇ ಪ್ರಾಣಬಿಟ್ಟಳು. ಆಕೆಯು ಕರ್ತನ ಬಳಿಯಲ್ಲಿರುವಳೆಂದು ಆತನು ಸಂಶಯಪಡಲಿಲ್ಲ. ಆದರೂ ತಂದೆಯ ಕರುಳು ಬೆಂದುಹೋಯಿತು, ಕಣ್ಣೀರೂ ನಿಲ್ಲಲಿಲ್ಲ. ಹಾಗಾದರೆ ವಿಶ್ವಾಸವು ಅಳುವನ್ನು ನಿಷೇಧಿಸುವದಿಲ್ಲ. ಲಾಜರನ ಸಮಾಧಿಯ ಬಳಿಯಲ್ಲಿ ನಮ್ಮ ಸ್ವಾಮಿಯೇ ಅತ್ತನಲ್ಲವೇ?

ಲೂಥರನ ಕಡೇ ಪ್ರಯಾಣವನ್ನೂ ಗಮನಿಸಿರಿ. 1546ರ ಚಳಿಗಾಲದಲ್ಲಿ, ಮಾನ್ಸ್‌ಫೆಲ್ಡಿನ ಪ್ರಭುಗಳ ವ್ಯಾಜ್ಯವನ್ನು ತೀರಿಸುವದಕ್ಕಾಗಿ ಆತನು ತಾನು ಹುಟ್ಟಿದ ಊರಾದ ಐಸ್ಲೇಬೆನಿಗೆ ಹೋಗಿದ್ದನು. ಹೆಂಡತಿಯು ಆತನ ದೇಹಸ್ಥಿತಿಯನ್ನು ಕುರಿತು ಬಹಳವಾಗಿ ಚಿಂತಿಸಿದಳು. ಆಗ ಆತನು, ನೀನು ನನಗಾಗಿ ಚಿಂತಿಸತೊಡಗಿದಂದಿನಿಂದಲೇ ಬಿಡಾರದಲ್ಲಿ ಬೆಂಕಿ ಹತ್ತಿತು, ಕಲ್ಲೊಂದು ತಲೆಯ ಮೇಲೆ ಬೀಳುವದರಲ್ಲಿತ್ತು ಎಂಬ ಭಾವದಿಂದ ಹಾಸ್ಯಮಾಡಿ, ನಮ್ಮನ್ನು ಕಾಯುವಾತನು ದೇವರೇ ಎಂದು ಬರೆದು ಕಳುಹಿಸಿದನು. ಹೀಗೆ ಬರೆದು ಎಂಟು ದಿವಸಗಳಾದ ಮೇಲೆ, ಫೆಬ್ರವರಿ 18ರಲ್ಲಿ, ಮೃತನಾದನು. ಕತರೀನಳಾದರೋ ಉಣ್ಣಲಾರದೆಯೂ ನಿದ್ರಿಸಲಾರದೆಯೂ ಇರುವೆನೆಂದು ತನ್ನ ಬಂಧುವಾದ ಸ್ತ್ರೀಗೆ ತಿಳಿಸಿದಳು. ಆ ಪರಿಹಾಸ್ಯದ ಕಾಗದವು ಆಕೆಗೆ ಹಗುರವಾದ ವಸ್ತುವಾಗಿದ್ದೀತೋ? ಆಕೆಯ ಭಯವನ್ನು ಹೊರುವದಕ್ಕಾಗಿ ಗಂಡನು ಕೊಟ್ಟ ಹೆಗಲೇ ಅದಾಗಿತ್ತು. ಅದನ್ನು ನೆನಸಿ ನಗುವ ಬಾಯಿಯೂ ಅಳುವ ಕಣ್ಣೂ ಒಂದೇ ಪ್ರೀತಿಯಿಂದ ಹುಟ್ಟಿದವುಗಳು.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಪ್ರೀತಿಯು ಸತ್ತವನನ್ನು ದೋಷವಿಲ್ಲದ ವಿಗ್ರಹವನ್ನಾಗಿ ಮಾಡಬಾರದು. ಲೂಥರನ ನಾಲಿಗೆಯು ನಗಿಸಿದ ಹಾಗೆಯೇ ಗಾಯವನ್ನೂ ಮಾಡಿತು. 1543ರಲ್ಲಿ ಆತನು ಯೆಹೂದ್ಯರಿಗೆ ವಿರೋಧವಾಗಿ ಬರೆದ ಮಾತುಗಳು ಕ್ರೂರವಾದವುಗಳು. ಆತನ ಹೆಸರನ್ನೇ ಧರಿಸಿರುವ ಅಮೇರಿಕದ ಇವಾಂಜೆಲಿಕಲ್ ಲೂಥರನ್ ಸಭೆಯು 1994ರಲ್ಲಿ ಅವುಗಳನ್ನು ಬಹಿರಂಗವಾಗಿ ತಿರಸ್ಕರಿಸಿತು. ಸ್ನೇಹಿತನಾದ ಮೆಲಾಂಕ್ತನನು ಶವಸಂಸ್ಕಾರದಲ್ಲಿ ಮಾತಾಡಿದಾಗ, ಲೂಥರನು ಕಠಿಣನೆಂದು ಕೆಲವರು ದೂರುವದನ್ನು ಮುಚ್ಚಿಡಲಿಲ್ಲ. ಬಲ್ಲವರಿಗೆ ಆತನು ದಯಾಳುವಾಗಿದ್ದನೆಂಬದನ್ನೂ ಹೇಳದೆ ಬಿಡಲಿಲ್ಲ. ನಾವು ಹಾಗೆಯೇ ಸತ್ಯವಾಗಿ ನೆನಸತಕ್ಕದ್ದು. ಯಾಕಂದರೆ ಮೃತನು ರಕ್ಷಣೆಹೊಂದುವದು ನಮ್ಮ ಹೊಗಳಿಕೆಯಿಂದಲ್ಲ, ಕ್ರಿಸ್ತನ ಕೃಪೆಯಿಂದಲೇ. ಇದನ್ನು ನಂಬುವವರಿಗೆ ಸತ್ಯವನ್ನು ಹೇಳುವದರಲ್ಲಿ ಭಯವಿಲ್ಲ. ಒಬ್ಬನನ್ನು ನೋಯಿಸಿದ ಹಾಸ್ಯವಿದ್ದರೆ ಅದನ್ನು ಸಮಾಧಿಯಲ್ಲಿಯೇ ಬಿಡುವ. ದುಃಖದ ಮನೆಯನ್ನು ಎತ್ತಿಹಿಡಿದ ಹಾಸ್ಯವನ್ನು ಕಾಪಾಡುವ.

ಯೊಪ್ಪ ಪಟ್ಟಣದಲ್ಲಿ ದೊರ್ಕಳು ಸತ್ತಾಗ ವಿಧವೆಯರು ಮಾಡಿದ್ದೇನು? ಆಕೆಯು ಹೊಲಿದುಕೊಟ್ಟಿದ್ದ ಅಂಗಿಗಳನ್ನು ಅಳುತ್ತಾ ಪೇತ್ರನಿಗೆ ತೋರಿಸಿದರು. ಒಬ್ಬನು ಬಟ್ಟೆಯನ್ನು ಬಿಟ್ಟುಹೋಗುವನು, ಮತ್ತೊಬ್ಬನು ನಗೆಯನ್ನು ಬಿಟ್ಟುಹೋಗುವನು. ಎರಡೂ ದೇವರ ದಾನಗಳೇ. ನಮ್ಮ ಮೃತರು ನಮ್ಮ ಅನ್ನಕ್ಕಾಗಿ ಹಸಿದು ಬಾಗಲಲ್ಲಿ ನಿಂತಿರುವದಿಲ್ಲ. ಆದಕಾರಣ ಅವರಿಗೆ ಎಡೆಯಿಡುವದು ಬೇಡ. ಅವರನ್ನು ಕೊಟ್ಟಾತನಿಗೆ ಸ್ತೋತ್ರಮಾಡುವದು ಮಾತ್ರ ಉಳಿದಿದೆ, ಅದಾದರೂ ಸಣ್ಣ ಕೆಲಸವಲ್ಲ. ಸಂಜೆಯ ಕುಟುಂಬ ಪ್ರಾರ್ಥನೆಯ ತರುವಾಯ ವಿಧವೆಯಾದ ತಾಯಿಯು ತನ್ನ ಗಂಡನ ಮಾತೊಂದನ್ನು ಮಕ್ಕಳಿಗೆ ಹೇಳಲಿ. ಅವರು ನಕ್ಕರೆ ಯಾರೂ ಗದರಿಸದಿರಲಿ. ನಗುತ್ತಿರುವಾಗ ಆಕೆಯ ಕಣ್ಣು ತುಂಬಿದರೆ ಯಾರೂ ಆಶ್ಚರ್ಯಪಡದಿರಲಿ. ಪುನರುತ್ಥಾನದ ನಿರೀಕ್ಷೆಯುಳ್ಳ ಮನೆಯಲ್ಲಿ ಇವೆರಡಕ್ಕೂ ಸ್ಥಳವುಂಟು.