ಇನ್ನೊಬ್ಬರ ದಸ್ತರ್‌ಖಾನ್

ಬೇರೆ ಧರ್ಮದವರು ತಮ್ಮ ಹಬ್ಬದ ಊಟಕ್ಕೆ ಕರೆದರೆ ಹೋಗಬೇಕೇ, ಬೇಡವೇ? ಹೋದರೆ ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು? ನಮ್ಮ ಹಿರಿಯರಿಗೆ ಇದು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯಾಗಿರಲಿಲ್ಲ. ಇಂದು ಅದೇ ಪ್ರಶ್ನೆ ಗೋಡೆಯಾಗಿ ಏಳುತ್ತಿರುವುದರಿಂದ ತುಸು ನಿಂತು ಯೋಚಿಸಬೇಕಾಗಿದೆ.

ಚನ್ನಗಿರಿ ಅಡಿಕೆಯ ಸೀಮೆ. ತೋಟದ ಯಜಮಾನ, ಚೇಣಿ ಹಿಡಿಯುವವನು, ಕೊನೆ ಕೊಯ್ಯುವವನು, ಕಾಯಿ ಸುಲಿಯುವ ಹೆಂಗಸರು ಎಲ್ಲರೂ ಒಂದೇ ಜಾತಿಮತದವರಾಗಿರುವುದಿಲ್ಲ. ವರ್ಷವಿಡೀ ಕೂಡಿ ದುಡಿದವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದೆ ಇರುವುದು ಹೇಗೆ? ಅದಕ್ಕಾಗಿಯೇ ಇಲ್ಲಿ ಒಂದು ರಿವಾಜು ಬೆಳೆದು ಬಂದಿದೆ. ಮುಸ್ಲಿಮರ ವಲೀಮಾದಲ್ಲಿ ಬಿರಿಯಾನಿಯ ದೇಗಿನಿಂದ ದೂರದಲ್ಲಿ ಇನ್ನೊಂದು ಒಲೆ ಹೂಡುತ್ತಾರೆ. ಅಲ್ಲಿ ಲಿಂಗಾಯತ ಅಡಿಗೆಯವರು, ಬೇರೆ ಪಾತ್ರೆ, ಬಾಳೆ ಎಲೆ. ಮಾರಿಹಬ್ಬದ ಬಾಡೂಟಕ್ಕೆ ಕರೆಯುವವರಲ್ಲಿಯೂ ಸಾಬರ ಗೆಳೆಯರಿಗೆಂದು ಮುಲ್ಲಾನನ್ನು ಕರೆಸಿ ಬೇರೆ ಕೋಳಿ ಕೊಯ್ಯಿಸುವವರಿದ್ದಾರೆ. ದೇವಿಗೆ ಒಪ್ಪಿಸಿದ್ದು ಗೆಳೆಯನ ಎಲೆಗೆ ಬಾರದಂತೆ ಆ ಮನೆಯ ತಾಯಿಯೇ ನೋಡಿಕೊಳ್ಳುತ್ತಾಳೆ. ಅವನ ಧರ್ಮದ ಕಟ್ಟಳೆಯನ್ನು ಅವನಿಗಿಂತ ಹೆಚ್ಚು ಎಚ್ಚರದಿಂದ ಕಾಯುವವಳು ಅವಳು.

ಒಲೆಯೇ ಬೇರೆಯಾದ ಮೇಲೆ ಸಹಪಂಕ್ತಿ ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಾದುದಲ್ಲ. ಈ ನಾಡಿನ ಹೋಟೆಲುಗಳಲ್ಲಿ ದಲಿತರಿಗೆಂದು ಇಡುತ್ತಿದ್ದ ಲೋಟವೂ ಬೇರೆಯೇ ಆಗಿತ್ತು. ಹಾಗಾದರೆ ವ್ಯತ್ಯಾಸವೇನು? ಬೇರೆ ಮಾಡುವುದರ ಭಾರವನ್ನು ಯಾರು ಹೊರುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ. ಬೇರೆ ಲೋಟವನ್ನು ಇಟ್ಟವನು ತನ್ನ ಮಡಿಗಾಗಿ ಇಟ್ಟ. ಅದರ ನೋವನ್ನು ಉಂಡವನು ಎದುರಿಗಿದ್ದವನು. ಬೇರೆ ಒಲೆಯನ್ನು ಹೂಡಿದವನು ಅತಿಥಿಯ ನಂಬಿಕೆಗಾಗಿ ಹೂಡಿದ. ಅದರ ಖರ್ಚು, ಓಡಾಟ, ಹೊಗೆ ಎಲ್ಲವೂ ಮನೆಯವನದೇ. ಮೊದಲನೆಯದು ಅವಮಾನ, ಎರಡನೆಯದು ಮರ್ಯಾದೆ.

ಉಣ್ಣದೆ ಬಿಡುವವನಿಗೂ ಒಂದು ಅದಬು ಇದೆ. ಪ್ರವಾದಿವರ್ಯರ (ಸ) ಮುಂದೆ ಒಮ್ಮೆ ಹುರಿದ ಉಡದ ಮಾಂಸ ಬಂದಿತು. ಅವರು ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್ (ರ) ಕೇಳಿದಾಗ, ಹಾಗಲ್ಲ, ತಮ್ಮ ನಾಡಿನಲ್ಲಿ ಇದಿಲ್ಲ, ಆದ್ದರಿಂದ ಮನಸ್ಸು ಒಪ್ಪುತ್ತಿಲ್ಲ ಎಂದರಂತೆ. ಖಾಲಿದರು ಅಲ್ಲಿಯೇ ಕುಳಿತು ಅದನ್ನು ಉಂಡರು, ಪ್ರವಾದಿಯವರು ನೋಡುತ್ತಿದ್ದರು. ಒಂದೇ ದಸ್ತರ್‌ಖಾನ್, ಒಬ್ಬರು ಉಂಡರು, ಒಬ್ಬರು ಬಿಟ್ಟರು. ಇಬ್ಬರೂ ಎದ್ದು ಹೋಗಲಿಲ್ಲ. ಅನ್ನಕ್ಕೆ ಹೆಸರಿಡುವ ರೂಢಿಯೂ ಅವರಿಗಿರಲಿಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ತಿನ್ನಬಾರದ್ದನ್ನು ತಿನ್ನದಿರುವುದು ಈಮಾನಿನ ಮಾತು. ಆದರೆ ತಿನ್ನುವವನ ಮುಂದೆ ಮುಖ ಸಿಂಡರಿಸುವುದು ಯಾವ ಈಮಾನೂ ಅಲ್ಲ.

ದೂರದ ಒಂದು ಉದಾಹರಣೆಯನ್ನೂ ನೋಡೋಣ. ಹವಾಯಿ ದ್ವೀಪಗಳ ಔತಣಕ್ಕೆ ಲೂವಾವ್ ಎಂದು ಹೆಸರು. ಆ ಮಾತಿನ ಮೂಲ ಅರ್ಥ ಕೆಸುವಿನ ಎಲೆ, ನಮ್ಮ ಮಲೆನಾಡಿನವರು ಪತ್ರೊಡೆ ಮಾಡುವ ಅದೇ ಕೆಸು. ಅಲ್ಲಿ ಗಂಡಸರೂ ಹೆಂಗಸರೂ ಕೂಡಿ ಉಣ್ಣಬಾರದೆಂಬ ಕಟ್ಟುನಿಟ್ಟಿನ ನಿಷೇಧವಿತ್ತು. 1819ರಲ್ಲಿ ದೊರೆ ಎರಡನೆಯ ಕಮೆಹಮೆಹಾ ಹೆಂಗಸರೊಡನೆ ಕುಳಿತು ಉಂಡ. ಆ ಒಂದು ಊಟಕ್ಕೆ ಹಳೆಯ ಕಟ್ಟಳೆಯೇ ಕುಸಿಯಿತು. ಇಂದೂ ಅಲ್ಲಿನ ಮನೆಗಳಲ್ಲಿ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂಧುಬಳಗ ಸೇರಿ ಲೂವಾವ್ ಮಾಡುವುದುಂಟು. ಆದರೆ ರಜೆಗೆ ಹೋದ ಪ್ರವಾಸಿಗಳು ಹೆಚ್ಚಾಗಿ ಕಾಣುವುದು ಟಿಕೆಟ್ ಕೊಟ್ಟು ಒಳಗೆ ಹೋಗುವ ಔತಣವನ್ನು. ನೆಲದ ಗುಂಡಿಯಲ್ಲಿ ಬೇಯಿಸಿದ ಹಂದಿಯನ್ನು ಹೊರತೆಗೆಯುತ್ತಾರೆ, ಹೂಮಾಲೆ ಹಾಕುತ್ತಾರೆ, ಕುಣಿತ ನಡೆಯುತ್ತದೆ. ಅಲ್ಲಿ ಕುಳಿತ ಮುಸ್ಲಿಮನು ಹಂದಿಯನ್ನು ಬಿಟ್ಟು ಮೀನು, ಹಣ್ಣು ಉಂಡು ಏಳಬಹುದು, ಧರ್ಮಕ್ಕೆ ಬಾಧೆಯಿಲ್ಲ. ಆದರೆ ಅವನು ಅತಿಥಿಯೇ? ಹಣ ಕೊಟ್ಟವನು ಗಿರಾಕಿ. ಮುಂದಿನ ವರ್ಷ ಅವರನ್ನು ತನ್ನ ಮನೆಗೆ ಕರೆಯಬೇಕೆಂಬ ಋಣ ಅವನಿಗಿಲ್ಲ. ಅತಿಥಿಯನ್ನು ಅತಿಥಿಯಾಗಿಸುವುದು ಆ ಋಣವೇ.

ನಾವು ಕಳೆದುಕೊಳ್ಳುವ ಅಪಾಯದಲ್ಲಿರುವುದೂ ಇದನ್ನೇ. 2022ರ ಮಾರ್ಚ್‌ನಲ್ಲಿ ಪಕ್ಕದ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ಸಿಗಲಿಲ್ಲ. ಅದೇ ವರ್ಷ ಯುಗಾದಿಯ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿರೆಂದು ಪ್ರಚಾರ ನಡೆಯಿತು. ಗೆಳೆಯನಿಗಾಗಿ ಮುಲ್ಲಾನನ್ನು ಕರೆಸುವ ಸೌಜನ್ಯವನ್ನು ಹೇರಿಕೆ ಎಂದು ಬಣ್ಣಿಸಲಾಯಿತು. ನಮ್ಮಲ್ಲಿಯೂ ಅಂಥ ಮನೆಯ ಹೊಳಿಗೆಯನ್ನೂ ಮುಟ್ಟಬೇಡಿ, ಜಗುಲಿಯಲ್ಲೂ ಕೂರಬೇಡಿ ಎನ್ನುವವರು ಹುಟ್ಟಿಕೊಂಡಿದ್ದಾರೆ. ಹೊಸ್ತಿಲಿಗೆ ಹೊರಗಿನಿಂದ ಒಬ್ಬರು, ಒಳಗಿನಿಂದ ಒಬ್ಬರು ಮೊಳೆ ಹೊಡೆಯುತ್ತಿದ್ದಾರೆ. ಪೂಜೆಯಲ್ಲಿ ಪಾಲುಗೊಳ್ಳುವುದು ಬೇರೆ, ನೆರೆಯವನ ಸಂತೋಷದಲ್ಲಿ ಪಾಲುಗೊಳ್ಳುವುದು ಬೇರೆ. ಈ ಅಂತರವನ್ನು ನಮ್ಮ ಓದುಬರಹವಿಲ್ಲದ ಅಜ್ಜಂದಿರು ಬಲ್ಲವರಾಗಿದ್ದರು.

ನಮ್ಮ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಮಗ್ಗುಲಲ್ಲೇ ಮುಸಾಫಿರ್‌ಖಾನೆ ನಿಂತಿದೆ. ಅವೆರಡರ ಹಿಂದಿನ ಕಥೆಯಲ್ಲಿ ಪಾಳೆಯಗಾರರೂ ಬಿಜಾಪುರದ ಸೇನೆಯೂ ಕಾದಾಡಿದ್ದುಂಟು, ರಕ್ತವೂ ಹರಿದದ್ದುಂಟು. ಆದರೂ ಜನರ ನಾಲಗೆಯ ಮೇಲೆ ಆ ಕಟ್ಟಡ ಉಳಿದಿರುವುದು ಗೆದ್ದವನ ಹೆಸರಿನಲ್ಲಲ್ಲ, ದಾರಿಹೋಕನ ಹೆಸರಿನಲ್ಲಿ. ಈ ದುನಿಯಾದಲ್ಲಿ ನಾವೆಲ್ಲರೂ ಮುಸಾಫಿರರೇ. ಕರೆದವರ ಮನೆಗೆ ಹೋಗೋಣ. ಉಣ್ಣಬಹುದಾದುದನ್ನು ಉಂಡು, ಉಳಿದುದನ್ನು ಮರ್ಯಾದೆಯಿಂದ ಬಿಟ್ಟು, ಏಳುವಾಗ ಅವರನ್ನು ನಮ್ಮ ಮನೆಗೆ ಕರೆದು ಬರೋಣ.